ಹಾಲಮ್ಮ ತಲೆಯಾಡಿಸುವವರೆಗೆ

ಹಾಲಮ್ಮನ ಬಲಗೈ ಬೆರಳುಗಳು ಕಪ್ಪಗಿದ್ದವು. ಸೋಪಿಗೂ ಹುಣಸೆಹಣ್ಣಿಗೂ ಹೋಗದ ಕಪ್ಪು. ಇಪ್ಪತ್ತು ವರ್ಷಕ್ಕೂ ಮೇಲೆ ಟೀ ಎಲೆ ಹಿಸುಕಿದ ಕೈ ಅದು. ಕೀಳ್ ಕೋತಗಿರಿಯ ಇಳಿಜಾರಿನ ಒಂದು ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವ ಮಹಡಿ ಅವಳ ಕೈಯಲ್ಲಿತ್ತು. ಬಲೆ ಹಾಸಿದ ಉದ್ದನೆಯ ತೊಟ್ಟಿಗಳಲ್ಲಿ ಹಸಿ ಎಲೆ ಹರಡಿರುತ್ತಿದ್ದರು. ಕೆಳಗಿನಿಂದ ಫ್ಯಾನು ಗಾಳಿ ಊದುತ್ತಿತ್ತು. ಎಲೆ ಹದಕ್ಕೆ ಬಂತೋ ಇಲ್ಲವೋ ಎಂದು ಹೇಳಬೇಕಾದವಳು ಹಾಲಮ್ಮ. ಒಂದು ಹಿಡಿ ಎಲೆ ತೆಗೆದು ಉಂಡೆ ಕಟ್ಟುವ ಹಾಗೆ ಹಿಸುಕಿ, ಕೈ ಬಿಚ್ಚಿ ನೋಡುತ್ತಿದ್ದಳು. ಉಂಡೆ ಉಂಡೆಯಾಗಿಯೇ ಉಳಿದರೆ ತಲೆಯಾಡಿಸುತ್ತಿದ್ದಳು. ಹನ್ನೆರಡು ಹೆಂಗಸರು ಒಟ್ಟಿಗೆ ತೊಟ್ಟಿಗೆ ಕೈ ಹಾಕಿ ಎಲೆ ಬಾಚುತ್ತಿದ್ದರು. ಎಲೆ ಮೆಲ್ಲಗೆ ಬಿಚ್ಚಿಕೊಂಡರೆ, “ಇನ್ನೂ ಸಿಟ್ಟು ಇದೆ ಇದಕ್ಕ,” ಎಂದು ಮತ್ತೆ ತೊಟ್ಟಿಗೆ ಉದುರಿಸುತ್ತಿದ್ದಳು. ಆಗ ಯಾರೂ ಕೈ ಹಾಕುತ್ತಿರಲಿಲ್ಲ.

ನಾನು ಅದೇ ಫ್ಯಾಕ್ಟರಿಯಲ್ಲಿ ಮೂರು ವರ್ಷ ಶಿಫ್ಟ್ ಕ್ಲರ್ಕ್ ಆಗಿದ್ದೆ. ಈಗ ಊಟಿಯಲ್ಲಿ ಪತ್ರಿಕೆಯೊಂದರ ಮುಖ್ಯ ವರದಿಗಾರ. ಹಾಲಮ್ಮನ ಮಾತು ನೀಲಗಿರಿಯ ಬಡಗರ ನುಡಿ. ಓದುವವರಿಗೆ ತಿಳಿಯಲೆಂದು ಅದನ್ನು ಅಲ್ಲಲ್ಲಿ ತಿದ್ದಿದ್ದೇನೆ. ಖಾರವನ್ನು ಮುಟ್ಟಿಲ್ಲ.

ಅವಳು ಕೂಗಿ ಕೆಲಸ ಹೇಳಿದ್ದನ್ನು ನಾನು ಕೇಳಿಲ್ಲ. ಫ್ಯಾನಿನ ಸದ್ದಿನಲ್ಲಿ ಉಳಿದ ಮೇಸ್ತ್ರಿಗಳೆಲ್ಲ ಗಂಟಲು ಹರಿದುಕೊಳ್ಳುವಾಗ ಇವಳು ಮಹಡಿಯ ಉದ್ದಕ್ಕೂ ನಡೆದು ಹೋಗಿ, ಬೇಕಾದವಳ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು. ಯಾಕಕ್ಕ ಅಷ್ಟು ನಡೀತೀಯ ಎಂದು ಒಮ್ಮೆ ಕೇಳಿದ್ದೆ. “ಕೂಗಿದರೆ ಹನ್ನೆರಡು ಜನಕ್ಕ ಕೇಳುತ್ತೆ ತಮ್ಮಾ. ತಪ್ಪು ಮಾಡಿದವಳು ಒಬ್ಬಳು,” ಎಂದಳು. ಕೆಲಸಕ್ಕೆ ಹೊಸದಾಗಿ ಸೇರಿದವರು ಎಲೆಯನ್ನು ಒತ್ತಾಗಿ ಸುರಿದು ಹಾಳು ಮಾಡಿದರೆ ಬೈಯುತ್ತಿರಲಿಲ್ಲ. ತಾನೇ ಬಗ್ಗಿ ಎಲ್ಲವನ್ನೂ ಹೊಸದಾಗಿ ಹರಡುತ್ತಿದ್ದಳು. ಅವರು ಪಕ್ಕದಲ್ಲಿ ಸುಮ್ಮನೆ ನಿಂತು ನೋಡಬೇಕು. ಆ ನಿಲ್ಲುವ ಶಿಕ್ಷೆಯೇ ಸಾಕಾಗುತ್ತಿತ್ತು. ಮಳೆಗಾಲದಲ್ಲಿ ಸೋರುವ ಮೂಲೆಯ ತೊಟ್ಟಿ ಯಾವಾಗಲೂ ಅವಳದೇ. ಊಟದ ಡಬ್ಬಿ ಕೊನೆಗೆ ತೆರೆಯುತ್ತಿದ್ದವಳೂ ಅವಳೇ. ಇದಕ್ಕೆಲ್ಲ ನಾಯಕತ್ವ ಎಂಬ ಹೆಸರಿದೆ ಎಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆ ಹೆಸರು ಗೊತ್ತಿದ್ದವರು ಮ್ಯಾನೇಜರ್ ಬೋಜರಾಜ್. ಅವರೂ ಹಾಲಮ್ಮನ ಹಟ್ಟಿಯವರೇ. ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಬಲ್ಲವರು. ಫ್ಯಾಕ್ಟರಿಯಲ್ಲಿ ಮಾತ್ರ ಅವಳು ಅವರನ್ನು ಸರ್ ಎನ್ನಬೇಕಿತ್ತು. ಅವಳು ಅಣ್ಣ ಎನ್ನುತ್ತಿದ್ದಳು.

ನಡೆದದ್ದು ಇಷ್ಟು. ಒಂದು ಜುಲೈಯಲ್ಲಿ ಎಲೆ ಸುರಿದು ಬರುತ್ತಿತ್ತು. ಮಳೆ ಬಿಟ್ಟಿರಲಿಲ್ಲ. ಒದ್ದೆ ಎಲೆ ಬೇಗ ಬಾಡಲಿ ಎಂದು ಬೋಜರಾಜ್ ಬಿಸಿಗಾಳಿ ಹೆಚ್ಚಿಸಲು ಹೇಳಿದರು. ಮಧ್ಯಾಹ್ನದ ಹೊತ್ತು. ನಾನು ಮೆಟ್ಟಿಲ ಬಳಿ ನಿಂತಿದ್ದೆ. ಹಾಲಮ್ಮ ಹಿಡಿ ಎಲೆ ತಂದು ಅವರ ಮುಂದೆ ಕೈ ಬಿಚ್ಚಿ, “ಬೇಡ ಅಣ್ಣ. ಹೊರಗ ಸುಡುತ್ತೆ, ಒಳಗ ಹಸಿ ಇರುತ್ತೆ,” ಎಂದಳು.

“ಮೆಷಿನು ಯಾರದು, ನಿಂದಾ?”

“ಮೆಷಿನು ನಿಂದೇ. ಎಲೆ ಎನ್ನದು.”

ಬಿಸಿಗಾಳಿ ಹೆಚ್ಚಿಸಿದರು. ಸಂಜೆಗೆ ಮೂರು ತೊಟ್ಟಿ ಎಲೆ ಅಂಚು ಕೆಂಪಾಗಿ ಗರಿಗರಿಯಾಗಿತ್ತು. ಮಾಲೀಕರಿಂದ ಫೋನ್ ಬಂತು. ಬೋಜರಾಜ್ ನನ್ನನ್ನು ಕರೆದು ಕೂರಿಸಿ ವರದಿ ಹೇಳಿ ಬರೆಸಿದರು. ಮೇಲ್ವಿಚಾರಕಿ ಹಾಲಮ್ಮ ಎರಡು ಗಂಟೆ ಕಾಲ ಜಾಗ ಬಿಟ್ಟು ಹೋಗಿದ್ದರಿಂದ ಬಿಸಿಗಾಳಿಯನ್ನು ಸಮಯಕ್ಕೆ ತಗ್ಗಿಸಲಿಲ್ಲ ಎಂದು. ನಾನು ಬರೆದೆ. ಅಕ್ಷರ ಚೆನ್ನಾಗಿತ್ತು. ಅವಳ ಹೆಬ್ಬೆಟ್ಟು ತೆಗೆದುಕೊಂಡು ಬಾ ಎಂದರು.

ಹಾಲಮ್ಮನಿಗೆ ಓದು ಬರುತ್ತಿರಲಿಲ್ಲ. “ಏನ ಬರೆದೆ ತಮ್ಮಾ?” ಎಂದು ಕೇಳಿದಳು.

“ಎಲೆ ಹಾಳಾದ ವಿವರ, ಅಕ್ಕ,” ಎಂದೆ.

ಅವಳು ನನ್ನ ಮುಖ ನೋಡಿ, ಹೆಬ್ಬೆಟ್ಟು ಒತ್ತಿದಳು. ಕಪ್ಪು ಬೆರಳಿಗೆ ಶಾಯಿ ಹತ್ತಿದ್ದೇ ಕಾಣಲಿಲ್ಲ.

ಮರುದಿನ ಬೋಜರಾಜ್ ಅದನ್ನು ಹನ್ನೆರಡು ಹೆಂಗಸರ ಮುಂದೆ ಓದಿದರು. ಹಾಲಮ್ಮನನ್ನು ಅಂಗಳದಾಚೆ, ಟೀ ಪುಡಿಯಿಂದ ನಾರು ಹೆಕ್ಕುವ ಕೋಣೆಗೆ ಹಾಕಿದರು. ಇನ್ನು ಮಹಡಿ ಹತ್ತಬಾರದು. ಅವಳು ವಾದ ಮಾಡಲಿಲ್ಲ. ನೇರ ನನ್ನ ಮೇಜಿಗೆ ಬಂದಳು.

“ಬರೆದದ್ದು ಸುಳ್ಳು ಅಂತ ಹೇಳು. ಆ ಹನ್ನೆರಡು ಜನರ ಮುಂದೆಯೇ ಹೇಳು.”

“ನಾನು ಬರೀ ಕ್ಲರ್ಕು ಅಕ್ಕ.”

“ಆಗಲಿ ಕ್ಲರ್ಕ್,” ಎಂದಳು. ಮತ್ತೆಂದೂ ಅವಳ ಬಾಯಲ್ಲಿ ನಾನು ತಮ್ಮ ಆಗಲಿಲ್ಲ.

ಬೇರೆಯವರಾಗಿದ್ದರೆ ಕೆಲಸ ಬಿಡುತ್ತಿದ್ದರು. ಸುತ್ತಮುತ್ತ ಬೇರೆ ಫ್ಯಾಕ್ಟರಿಗಳಿದ್ದವು, ಅವಳ ಕೈಯ ಗುಣ ಎಲ್ಲರಿಗೂ ಗೊತ್ತಿತ್ತು. ಹಾಲಮ್ಮ ಬಿಡಲಿಲ್ಲ. ಆಮೇಲೆ ಮಹಡಿಯಲ್ಲಿ ನಡೆದದ್ದನ್ನು ನಾನು ದಿನಾ ನೋಡಿದೆ. ಬೋಜರಾಜ್ ಬಂದು, “ಮೂರನೇ ತೊಟ್ಟಿಯ ಎಲೆ ಎತ್ತಿ,” ಎನ್ನುತ್ತಿದ್ದರು. ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಹನ್ನೆರಡು ತಲೆಗಳೂ ಅಂಗಳದ ಕಡೆಯ ಕಿಟಕಿಗೆ ತಿರುಗುತ್ತಿದ್ದವು. ಒಬ್ಬಳು ಒಂದು ಹಿಡಿ ಎಲೆ ಹಿಸುಕಿ ಗಾಜಿನ ಬಳಿ ಕೈ ಬಿಚ್ಚಿ ತೋರಿಸುತ್ತಿದ್ದಳು. ಆಚೆ ನಾರು ಕೋಣೆಯ ಬಾಗಿಲಲ್ಲಿ ಹಾಲಮ್ಮ ನಿಂತಿರುತ್ತಿದ್ದಳು. ಅವಳು ತಲೆಯಾಡಿಸಿದ ಮೇಲೆ ಕೈಗಳು ತೊಟ್ಟಿಗೆ ಇಳಿಯುತ್ತಿದ್ದವು. ಒಟ್ಟು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಅಷ್ಟು ಹೊತ್ತೂ ಮ್ಯಾನೇಜರ್ ತಮ್ಮ ಫ್ಯಾಕ್ಟರಿಯಲ್ಲಿ ಸುಮ್ಮನೆ ನಿಂತಿರಬೇಕಾಗಿತ್ತು.

ಟೀ ಚೆನ್ನಾಗಿಯೇ ಬರುತ್ತಿತ್ತು. ಅದೇ ತೊಂದರೆ. ಕಿಟಕಿ ಕಡೆ ನೋಡಿದರು ಎಂದು ಯಾರಿಗೂ ಮೆಮೋ ಕೊಡಲು ಬರುವುದಿಲ್ಲ. ಕೊಡಲು ಹೋದಾಗ ಬರೆಯುವವನು ನಾನೇ. “ಕಾರಣ ಏನಂತ ಹಾಕಲಿ ಸರ್?” ಎಂದು ಕೇಳಿದೆ. ಅವರು ಕಾಗದ ಕಿತ್ತುಕೊಂಡು ಮುದುರಿದರು.

ಇದು ತಾನಾಗಿ ಆದದ್ದಲ್ಲ. ಆ ಹನ್ನೆರಡು ಹೆಂಗಸರಲ್ಲಿ ಒಬ್ಬಳಾದ ಮಾದಿ ವರ್ಷಗಳ ಮೇಲೆ ನನಗೆ ಹೇಳಿದಳು, ಇನ್ನಿಬ್ಬರು ಹೌದೆಂದರು. ಹಾಲಮ್ಮ ಮೊದಲ ದಿನವೇ ಅವರನ್ನು ನೀರಿನ ನಲ್ಲಿಯ ಬಳಿ ಕೂಡಿಸಿ, “ಅವ ಏನ ಹೇಳಿದರೂ ಮಾಡಿ. ಎಲೆ ಹಾಳು ಮಾಡಬೇಡಿ. ಆದರೆ ಮೊದಲು ಎನ್ನ ನೋಡಿ. ಅವನ ಕಣ್ಣ ಮುಂದೆಯೇ ನೋಡಿ,” ಎಂದಿದ್ದಳಂತೆ. ಎಷ್ಟು ದಿನ ಎಂದು ಯಾರೋ ಕೇಳಿದರಂತೆ. “ಅವ ಇರುವವರೆಗ.”

ಮರುವರ್ಷ ಮಾಲೀಕರು ಬೋಜರಾಜರನ್ನು ಕೂನೂರಿನ ಹೋಟೆಲೊಂದಕ್ಕೆ ಮೂರು ದಿನದ ತರಬೇತಿಗೆ ಕಳಿಸಿದರು. ಕೆಲಸದ ಜಾಗದಲ್ಲಿ ಪರಿಣಾಮಕಾರಿ ನಾಯಕತ್ವ ಬೆಳೆಸಿಕೊಳ್ಳುವುದು ಹೇಗೆ ಎಂಬ ವಿಷಯ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿಕೊಂಡು ಬಂದರು. ಮಹಡಿಯ ಗೋಡೆಗೆ ಬಣ್ಣದ ಚಾರ್ಟು ಅಂಟಿಸಿದರು. ಪರ್ವತದ ತುದಿಯಲ್ಲಿ ಬಾವುಟ ಹಿಡಿದ ಒಬ್ಬ, ಕೆಳಗೆ ಹತ್ತುತ್ತಿರುವ ಹಲವರು. ಶನಿವಾರ ಊಟದ ಹೊತ್ತಿನಲ್ಲಿ ಹೆಂಗಸರನ್ನು ಕೂರಿಸಿ ಪಾಠ ಶುರು ಮಾಡಿದರು.

“ಲೀಡರ್ ಅಂದರೆ ಯಾರು? ಹೇಳಿ ನೋಡೋಣ.”

ಹನ್ನೆರಡು ತಲೆಗಳೂ ಕಿಟಕಿಯ ಕಡೆ ತಿರುಗಿದವು.

ಯಾರೂ ನಗಲಿಲ್ಲ. ನಕ್ಕಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಮಾದಿ ಮಾತ್ರ, “ಪ್ರಶ್ನೆ ಇನ್ನೊಂದು ಸಲ ಹೇಳಿ ಸರ್, ಫ್ಯಾನಲ್ಲಿ ಕೇಳುಲ್ಲೆ,” ಎಂದಳು. ಆಗ ಫ್ಯಾನು ನಿಂತಿತ್ತು.

ಸೋಮವಾರ ಆ ಕಿಟಕಿಯ ಗಾಜುಗಳಿಗೆ ಹಸಿರು ಬಣ್ಣ ಬಳಿಸಿದರು. ಬಿಸಿಲು ಎಲೆಗೆ ತಾಗಬಾರದು ಎಂದು ನನ್ನಿಂದ ಕಾರಣ ಬರೆಸಿದರು. ಅದು ಬಿಸಿಲೇ ತಾಗದ ಉತ್ತರದ ಕಿಟಕಿ. ಅಂದು ಮಧ್ಯಾಹ್ನ, “ಎರಡನೇ ತೊಟ್ಟಿ,” ಎಂದರು. ಹೆಂಗಸರು ಹಸಿರು ಗಾಜಿನ ಕಡೆ ತಿರುಗಿದರು. ಏನೂ ಕಾಣುತ್ತಿರಲಿಲ್ಲ. ಒಂದು ಉಸಿರು ಕಾದರು. ಆಮೇಲೆ ಕೈ ಹಾಕಿದರು. ಬೋಜರಾಜ್ ಮೆಟ್ಟಿಲಿಳಿದು ಬಂದು ನನ್ನ ಮೇಜಿನೆದುರು ಕೂತರು. ಅವರ ಕಿವಿ ಕೆಂಪಾಗಿತ್ತು. “ಅವಳು ಕಾಣೋದೇ ಇಲ್ಲವಲ್ಲಯ್ಯ,” ಎಂದರು, ನನ್ನನ್ನೇ ಸಮಾಧಾನಪಡಿಸುವವರ ಹಾಗೆ.

ನಾನು ಆ ವರ್ಷ ಫ್ಯಾಕ್ಟರಿ ಬಿಟ್ಟೆ. ಅವರು ಇನ್ನೂ ಆರು ವರ್ಷ ಹಸಿರು ಕಿಟಕಿಯ ಮುಂದೆ ನಿಂತು, ಅವಧಿಗೆ ಮೊದಲೇ ನಿವೃತ್ತಿ ಕೇಳಿ ಪಡೆದರು. ಅವರು ಹೋದ ದಿನವೇ ಹಾಲಮ್ಮನೂ ಕೆಲಸ ಬಿಟ್ಟಳು.

ಮೂರು ವರ್ಷದ ಹಿಂದೆ ಬೋಜರಾಜ್ ತೀರಿಕೊಂಡರು. ಸುದ್ದಿ ತಿಳಿದು ನಾನೂ ಹೋದೆ. ಬಡಗರ ಹಟ್ಟಿಗಳಲ್ಲಿ ಹೆಣ ಎತ್ತುವ ಮೊದಲು ಹಿರಿಯರೊಬ್ಬರು ಸತ್ತವನ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಮಾಡಿದ್ದೂ ಇರಬಹುದು, ಮಾಡದ್ದೂ ಇರಬಹುದು. ಪಟ್ಟಿ ಎಲ್ಲರಿಗೂ ಸುಮಾರಾಗಿ ಒಂದೇ. ಪ್ರತಿ ಸಾಲಿನ ಕೊನೆಗೆ ನೆರೆದವರೆಲ್ಲ “ಪಾಪ” ಎನ್ನಬೇಕು. ಅಂದರೆ ಅದು ಅವನಿಂದ ಇಳಿದು ಹೋಯಿತೆಂದು ಲೆಕ್ಕ.

ಫ್ಯಾಕ್ಟರಿಯ ಹೆಂಗಸರು ಬಡಗರ ಬಿಳಿ ಬಟ್ಟೆಯಾದ ಮುಂಡು ಹೊದ್ದು ಒಂದು ಕಡೆ ಕೂತಿದ್ದರು. ಮುಂದೆ ಹಾಲಮ್ಮ. ಹಿರಿಯರು ಮೊದಲ ಸಾಲು ಹೇಳಿದರು. ಗಂಡಸರು ಪಾಪ ಎಂದರು. ಎರಡನೆಯದು, ಮೂರನೆಯದು. ಗಂಡಸರ ದನಿ ಮಾತ್ರ ಕೇಳಿಸಿತು. ಹಿರಿಯರು ನಿಲ್ಲಿಸಿದರು.

“ಏನ, ಹೆಣ್ಣುಮಕ್ಕ ಬಾಯಿ ಬಿಡುತ್ತಾ ಇಲ್ಲೆ?”

“ಅವ ಮಾಡಿದ್ದ ಹೇಳಿ ಅಜ್ಜ,” ಎಂದಳು ಹಾಲಮ್ಮ. “ಮಾಡಿದ್ದ ಹೇಳಿದರೆ ನಾವೂ ಪಾಪ ಅನ್ನುತ್ತೇವೆ.”

“ಏನ ಮಾಡಿದ?”

“ಎನಗ ಓದಕ್ಕ ಬರುಲ್ಲೆ. ಬರೆದವ ಅಲ್ಲಿ ನಿಂತಿದಾನೆ, ಕೇಳಿ.”

ಬೋಜರಾಜರ ಮಗ, “ಇದಕ್ಕ ಇದಾ ಜಾಗ?” ಎಂದು ಎದ್ದ. ಹಿರಿಯರು ಕೈಯೆತ್ತಿ ಅವನನ್ನು ಕೂರಿಸಿ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ಹೇಳದೆ ಹಿಂದೆ ಸರಿಯಬಹುದಿತ್ತು. ವರದಿ ಒಪ್ಪಿಸುವ ಹಾಗೆ ಹೇಳಿದೆ.

“ಬಿಸಿಗಾಳಿ ಹೆಚ್ಚಿಸಲು ಹೇಳಿದವರು ಮ್ಯಾನೇಜರ್. ಹಾಲಮ್ಮ ಬೇಡ ಎಂದಿದ್ದಳು. ಅವಳು ಜಾಗ ಬಿಟ್ಟು ಹೋಗಿರಲಿಲ್ಲ. ಹೋಗಿದ್ದಳು ಎಂದು ಅವರು ಬರೆಸಿದರು, ನಾನು ಬರೆದೆ. ಏನು ಬರೆದಿದೆ ಎಂದು ಅವಳಿಗೆ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡೆ.”

ಹಿರಿಯರು ಅದೇ ರಾಗದಲ್ಲಿ, ಪಟ್ಟಿಯಲ್ಲಿಲ್ಲದ ಒಂದು ಸಾಲು ಹೇಳಿದರು: ಇಲ್ಲದ ತಪ್ಪನ್ನು ದುಡಿಯುವ ಹೆಣ್ಣಿನ ಮೇಲೆ ಹೊರಿಸಿದ್ದು. ಗಂಡಸರು ಪಾಪ ಎಂದರು. ಹೆಂಗಸರೆಲ್ಲ ಹಾಲಮ್ಮನ ಕಡೆ ನೋಡಿದರು. ಅವಳು ಒಂದು ಉಸಿರು ಕಾದಳು. ಬೋಜರಾಜರು ಅಷ್ಟು ಹೊತ್ತು ಕೊನೆಯ ಸಲ ಕಾದರು. ಅವಳು ತಲೆಯಾಡಿಸಿದಳು. “ಪಾಪ,” ಎಂದರು ಹೆಂಗಸರು, ಒಟ್ಟಿಗೆ.

ಮುಗಿದ ಮೇಲೆ ಬಸ್ಸಿನ ತಿರುವಿನಲ್ಲಿ ಅವಳ ಹತ್ತಿರ ಹೋದೆ. ಈಗ ಊಟಿಯ ಡೆಸ್ಕಿನಲ್ಲಿ ನನ್ನ ಕೈಕೆಳಗೆ ಆರು ಜನ ಇದ್ದಾರೆ, ತಪ್ಪು ಹೇಳಬೇಕಾದರೆ ಎದ್ದು ಅವರ ಮೇಜಿಗೇ ಹೋಗುತ್ತೇನೆ, ಅದು ನಿನ್ನಿಂದ ಕಲಿತದ್ದು ಎಂದೆ. ಅವಳು ಬಸ್ಸು ಬರುವ ದಾರಿ ನೋಡುತ್ತಿದ್ದಳು.

“ಅವಗ ಹಗೆ ಬಿಟ್ಟೆ ಕ್ಲರ್ಕ್. ನಿನಗ ಇಲ್ಲೆ.”

“ಎಲ್ಲರ ಮುಂದೆ ಹೇಳಿದೆನಲ್ಲ ಅಕ್ಕ.”

“ಅವ ಸತ್ತ ಮೇಲೆ ಹೇಳಿದೆ,” ಎಂದಳು. ಬಸ್ಸು ಬಂತು. ಹತ್ತುವಾಗ ಕಂಬಿ ಹಿಡಿದ ಬೆರಳುಗಳು ಹಾಗೇ ಕಪ್ಪಗಿದ್ದವು. ಅದೇ ಕೊನೆಯ ಭೇಟಿ.

ಈ ವರ್ಷ ಚಳಿ ಬಿಡುವ ಹೊತ್ತಿಗೆ ಹಾಲಮ್ಮ ಹೋದಳು. ಮಂಚದ ಸುತ್ತ ಮಾದಿ ಮತ್ತು ಮಹಡಿಯ ಹೆಂಗಸರು ಕೂತಿದ್ದರು. ನಾನು ಗಂಡಸರ ಸಾಲಿನ ಕೊನೆಗೆ ನಿಂತೆ. ಅದೇ ಹಿರಿಯರು, ಅದೇ ಪಟ್ಟಿ. ಪ್ರತಿ ಸಾಲಿಗೂ ಎಲ್ಲರೂ ಪಾಪ ಎಂದರು, ನಾನೂ ಎಂದೆ. ಅರ್ಧಕ್ಕೆ ಬರುವಾಗ ಎಲ್ಲರ ಸಾವಿನಲ್ಲೂ ಹೇಳುವ ಸಾಲೊಂದು ಬಂತು: ಹಗೆ ಹಿಡಿದು ಬಿಡದೆ ಹೋದದ್ದು.

ಗಂಡಸರಲ್ಲಿ ಕೆಲವರು ಪಾಪ ಎಂದರು. ಹೆಂಗಸರು ಮಂಚದ ಕಡೆ ತಿರುಗಿದರು. ಅಲ್ಲಿ ತಲೆಯಾಡಿಸುವವರು ಯಾರೂ ಇರಲಿಲ್ಲ. ಅವರು ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ.

ಹಿರಿಯರು ಒಂದು ಉಸಿರು ಕಾದು, ಮುಂದಿನ ಸಾಲಿಗೆ ಹೋದರು.