ಯಾವ ಹಿಟ್ಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಕ್ಕಳ ಆಸ್ಪತ್ರೆಯ ಅಡುಗೆಮನೆಯಲ್ಲಿ ಆಕೆ ಅದೇ ಬಾಣಲೆಯನ್ನು ಮತ್ತೆ ತಿಕ್ಕುತ್ತಿದ್ದಾರೆ. ತೊಳೆದದ್ದಾಯಿತು, ಒರೆಸಿದ್ದಾಯಿತು, ಒಲೆಯ ಮೇಲಿಟ್ಟದ್ದೂ ಆಯಿತು; ಕೈ ಮಾತ್ರ ಸುಮ್ಮನಿರಲೊಲ್ಲದು. "ಬಿಡಕ್ಕಾ, ತಳ ತೂತು ಬಿದ್ದೀತು," ಎಂದು ತರಕಾರಿ ಹೆಚ್ಚುವವನು ರೇಗಿಸುತ್ತಾನೆ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಬೀಳುತ್ತಿತ್ತು. ಇಂದು ಆಕೆಗೆ ಯಾವುದರ ಮೇಲೂ ಮನಸ್ಸಿಲ್ಲ.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಕೆಲವು ಮಕ್ಕಳಿಗೆ ಆಗಿಬರುವುದಿಲ್ಲ. ಚಿಟಿಕೆಯಷ್ಟು ಒಳಗೆ ಹೋದರೂ ಹೊಟ್ಟೆ ಹಿಂಡುತ್ತದೆ, ಮೈ ಇಳಿಯುತ್ತದೆ. ಅಂಥ ಮಕ್ಕಳ ಊಟ ಈಕೆಯ ಪಾಲಿನ ಕೆಲಸ. ಮೂಲೆಯ ಒಲೆ, ಬೇರೆಯೇ ಜರಡಿ, ಹಿಡಿಗೆ ಕೆಂಪು ದಾರ ಕಟ್ಟಿದ ಸೌಟು. ಅವನ್ನು ಇನ್ನೊಬ್ಬರು ಮುಟ್ಟಿದರೋ, ಮುಗಿಯಿತು ಕಥೆ!

"'ಗೋಧಿ ಹಾಕಿದೀರಾ' ಅಂತ ಕೇಳಲೇಬಾರದು. 'ಅಯ್ಯೋ ಇಲ್ಲಮ್ಮ, ಬರೀ ಮೈದಾ' ಅಂತಾರೆ. 'ರವೆ ಅಷ್ಟೇ' ಅಂತಾರೆ. ಎರಡೂ ಗೋಧಿ ಮಕ್ಕಳೇ ಅಲ್ವಾ? ಹೆಸರು ಬದಲಾಯಿಸಿಕೊಂಡ್ರೆ ಬುದ್ಧಿ ಬದಲಾಗುತ್ತಾ? ಅದಕ್ಕೇ ನಾನು ಕೇಳೋದು, ಯಾವ ಹಿಟ್ಟು ಅಂತ." ಹಿಂದೆ ಬೇಕರಿಯಲ್ಲಿ ಮೈದಾ ನಾದಿದ ಕೈ ಇದು. ಸೂಪು ಗಟ್ಟಿ ಕಂಡರೂ, ಕರಿದದ್ದು ಗರಿಗರಿ ಎನಿಸಿದರೂ, ಗೋಧಿ ಬೆರೆಸಿ ಮಾಡುವ ಸೋಯಾ ಸಾಸಿನ ಬಾಟಲಿ ಕಣ್ಣಿಗೆ ಬಿದ್ದರೂ ಅದೇ ಪ್ರಶ್ನೆ. ಹೀಗಾಗಿ ಮಕ್ಕಳ ಬಾಯಲ್ಲಿ ಆಕೆ 'ಯಾವ ಹಿಟ್ಟಕ್ಕ'. "ಯಾರ ಮನೆಗೆ ಊಟಕ್ಕೆ ಹೋದ್ರೂ ಅಡುಗೆಯವರ ಪ್ರಾಣ ತಿಂತಾಳೆ," ಎಂಬುದು ಗಂಡನ ದೂರು.

ಈಗಿನ ತಳಮಳಕ್ಕೆ ಕಾರಣ ಕಿಟಕಿ ಪಕ್ಕದ ಮಂಚದ ಪುಟ್ಟಿ. ಚೇತರಿಸಿಕೊಂಡು ಇನ್ನೇನು ಮನೆಗೆ ಹೊರಡಬೇಕು ಎನ್ನುವಾಗ ಅವಳಿಗೆ ಮತ್ತೆ ಹೊಟ್ಟೆನೋವು. ತಾಯಿಯೇ ಕದ್ದುಮುಚ್ಚಿ ಬಿಸ್ಕತ್ತು ಕೊಟ್ಟಿರಬೇಕು ಎಂದು ವಾರ್ಡಿನಲ್ಲೆಲ್ಲ ಗುಸುಗುಸು. ಇಂದಿನಿಂದ ಊಟದ ಹೊತ್ತಿಗೆ ತಾಯಿಯನ್ನು ಹೊರಗೆ ಕೂರಿಸುವುದೆಂದು ಡಾಕ್ಟರು ಹೇಳಿಯಾಗಿದೆ. "ನನ್ನ ಪಾತ್ರೆಯಿಂದಂತೂ ಹೋಗಿಲ್ಲ. ಆ ತಾಯಿ ಮುಖ ನೋಡಿದ್ರೆ ಅವಳೂ ಕೊಟ್ಟಿಲ್ಲ. ಮತ್ತೆ ಎಲ್ಲಿಂದ ಬಂತು ಹಾಳಾದ್ದು?" ಎನ್ನುತ್ತ ಆಕೆ ತಿಂಡಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಾರೆ.

ಪುಟ್ಟಿ ಹಾಸಿಗೆಯಲ್ಲಿ ಕೂತು ಬಣ್ಣದ ಕಾಗದದ ಸರ ಮಾಡುತ್ತಿದ್ದಾಳೆ. ಬಟ್ಟಲಿನ ಅಂಟಿಗೆ ಬೆರಳದ್ದುತ್ತಾಳೆ, ಕಾಗದಕ್ಕೆ ಸವರುತ್ತಾಳೆ, ಉಳಿದದ್ದನ್ನು ನೆಕ್ಕುತ್ತಾಳೆ. ಆಕೆ ನಿಂತಲ್ಲೇ ನಿಲ್ಲುತ್ತಾರೆ.

"ಪುಟ್ಟೀ, ಅದು ಯಾವ..."

"ನೀವೇ ಮಾಡಿಕೊಟ್ಟಿದ್ದಲ್ವಾ, ಯಾವ ಹಿಟ್ಟಕ್ಕ!" ಎಂದು ಹುಡುಗಿ ನಗುತ್ತಾಳೆ.

ಹೌದು. ಮಕ್ಕಳ ಆಟಕ್ಕೆ ಬೇಕೆಂದು ನರ್ಸು ಕೇಳಿದಾಗ ದೊಡ್ಡ ಒಲೆಯ ಮೇಲೆ ಮೈದಾ ಕಲಕಿ ಅಂಟು ಕಾಯಿಸಿಕೊಟ್ಟವರು ಈಕೆಯೇ. ತಿನ್ನುವ ಪದಾರ್ಥವಲ್ಲವಲ್ಲ, ಆ ಪ್ರಶ್ನೆ ಮನಸ್ಸಿಗೇ ಬರಲಿಲ್ಲ. ಊರನ್ನೆಲ್ಲ ಕೇಳಿದ್ದನ್ನು ತನ್ನನ್ನೇ ಕೇಳಿಕೊಳ್ಳಲಿಲ್ಲ. ಆಕೆಗೆ ನಾಚಿಕೆಯಿಂದ ಕಣ್ಣು ತುಂಬುತ್ತದೆ.

"ತಪ್ಪು ನಂದಮ್ಮ," ಎಂದು ಆಕೆ ಮಂಚದ ತುದಿಯಲ್ಲಿ ಕೂತ ತಾಯಿಯ ಕೈ ಹಿಡಿಯುತ್ತಾರೆ. "ಆ ಅಂಟು ಮೈದಾದ್ದು. ಕಾಯಿಸಿದವಳು ನಾನು."

ತಾಯಿಗೆ ಸಿಟ್ಟು ಬರುವುದಿಲ್ಲ, ಅಳು ಬರುತ್ತದೆ. "ಹೆತ್ತವಳೇ ವಿಷ ಕೊಡ್ತಾಳೆ ಅನ್ನೋ ಹಾಗೆ ನೋಡಿದ್ರಲ್ಲಕ್ಕ, ಎಲ್ಲರೂ."

"ಅವರೆಲ್ಲರಿಗೂ ನಾನೇ ಹೇಳ್ತೀನಿ." ಡಾಕ್ಟರು ಸುತ್ತು ಬರುವವರೆಗೂ ಆಕೆ ಕೂರುವುದಿಲ್ಲ. ಬಂದಾಗ ಇಡೀ ವಾರ್ಡಿಗೆ ಕೇಳುವಂತೆ ಹೇಳುತ್ತಾರೆ. ಊಟದ ಹೊತ್ತಿಗೆ ತಾಯಿ ಮಗಳ ಮಂಚ ಬಿಟ್ಟು ಏಳಬೇಕಾಗುವುದಿಲ್ಲ.

ಮಧ್ಯಾಹ್ನ ಆಕೆ ಅದೇ ಮಂಚದ ಪಕ್ಕ ಕೂತು, ತೊಳೆದ ಬಟ್ಟಲಲ್ಲಿ ಬಿಸಿ ಅನ್ನದ ಅಗುಳು ನುರಿಯುತ್ತಿದ್ದಾರೆ. ಅರ್ಧಕ್ಕೆ ನಿಂತ ಸರ ಮುಗಿಯಬೇಕಲ್ಲ. ಪುಟ್ಟಿ ಬೆರಳು ಚಾಚಿ, ತಡೆದು, ಆಕೆಯ ಮುಖವನ್ನೇ ನೋಡುತ್ತಾಳೆ.

"ಯಾವ ಹಿಟ್ಟು?"

"ಹಿಟ್ಟಲ್ಲ ಕಣೇ, ಅನ್ನ." ಬೆಳಗಿನಿಂದ ಮೊದಲ ಬಾರಿಗೆ ಆಕೆ ನಗುತ್ತಾರೆ. "ಆದ್ರೂ ಹೀಗೇ ಕೇಳ್ತಿರು. ನನ್ನನ್ನೂ ಕೇಳು."