ಕಲ್ಲಪ್ಪನ ಚಾಮರದ ಹುಲ್ಲು

ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿದ್ದ ನಮ್ಮೂರಿಗೆ ಯಾವುದಕ್ಕೆ ಕೊರತೆಯಿದ್ದರೂ ಹುಲ್ಲಿಗೆ ಇರಲಿಲ್ಲ. ಮಹಾರಾಜರ ಅಮೃತಮಹಲ್ ದನಗಳು ಮೇದು ಮಿಕ್ಕಷ್ಟು ಕಣ್ಣೆದುರಿಗೇ ಬಿದ್ದಿತ್ತು. ಹಾಗಿದ್ದೂ ನಮ್ಮ ಕಲ್ಲಪ್ಪ ಬೆಂಗಳೂರಿನಿಂದ ಹುಲ್ಲು ತಂದ. ಒದ್ದೆ ಗೋಣಿ ಸುತ್ತಿ, ಕಡೂರಿನವರೆಗೂ ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ.

ಲಾಲ್‌ಬಾಗ್ ನೋಡಲು ಹೋದವರು ಗುಲಾಬಿ ನೋಡಿ ಬರುತ್ತಾರೆ. ಇವನು ಆಳೆತ್ತರ ಬೆಳೆದು, ದೇವರಿಗೆ ಬೀಸುವ ಚಾಮರದಂಥ ಬಿಳಿ ತೆನೆ ಬಿಟ್ಟ ಹುಲ್ಲಿಗೆ ಮನಸೋತ. ಮಾಲಿಯ ಕೈಕಾಲು ಹಿಡಿದು ಒಂದು ಬುಡ ಸಂಪಾದಿಸಿದ. ಸಾಹೇಬರು ಅದಕ್ಕೆ ಪಂಪಾಸ್ ಎನ್ನುತ್ತಾರಂತೆ. ಊರವರು ಚಾಮರದ ಹುಲ್ಲು ಅಂದರು. ಅವನ ಹೆಂಡತಿ ತೀರ್ಥಮ್ಮ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಬೆಳೆಸುವ ಶಾಸ್ತ್ರವನ್ನು ಕಲ್ಲಪ್ಪ ಕೇಳದವರಿಗೂ ಹೇಳುತ್ತಿದ್ದ. ದಿನವಿಡೀ ಬಿಸಿಲು ಬೀಳುವ ಜಾಗ ಬೇಕು. ನೀರು ನಿಂತರೆ ಬುಡ ಕೊಳೆಯುತ್ತದೆ, ಗುಂಡಿಗೆ ಹಳ್ಳದ ಮರಳು ಬೆರೆಸಬೇಕು. ಮೊದಲ ವರ್ಷ ಬೇರು ಇಳಿಯುವವರೆಗೆ ನೀರು ಹಾಕಿದರೆ ಸಾಕು, ಆಮೇಲೆ ಮಳೆ ಬರಲಿ ಬಿಡಲಿ, ಅದರ ಪಾಡಿಗೆ ಅದು ಇರುತ್ತದೆ. ಚಳಿ ಮುಗಿಯುವಾಗ ಗೇಣುದ್ದ ಉಳಿಸಿ ಪೂರ್ತಿ ಕೊಯ್ಯಬೇಕು, ಕೊಯ್ದಷ್ಟೂ ದಟ್ಟವಾಗಿ ಚಿಗುರುತ್ತದೆ. ಎಲೆಯ ಅಂಚು ಗರಗಸದ ಹಾಗೆ, ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು. ಇಷ್ಟೆಲ್ಲ ಬಲ್ಲವನ ರಾಗಿ ಹೊಲದಲ್ಲಿ ಕಳೆ ಮೊಣಕಾಲುದ್ದ ನಿಂತಿರುತ್ತಿತ್ತು, ಅದು ಬೇರೆ ಮಾತು.

ಅಂಗಳದಲ್ಲಿ ಚಾಮರಗಳು ಎದ್ದು ನಿಂತ ವರ್ಷ, ದೀಪಾವಳಿ ಕಳೆದ ಮೇಲೆ, ಮಗಳು ಕೆಂಚಮ್ಮನನ್ನು ನೋಡಲು ಬುಕ್ಕಾಂಬುಧಿಯಿಂದ ಗಂಡಿನವರು ಬಂದರು. ಅವರ ಊರಿಗೆ ಹತ್ತಿರದ ಅಜ್ಜಂಪುರದಿಂದ ರೈಲಿತ್ತು. ಆದರೆ ಗಂಡಿನ ಅಪ್ಪ ತಿಮ್ಮರಾಯಪ್ಪ ಗಾಡಿಯಲ್ಲೇ ಬಂದ. ರೈಲಿನಲ್ಲಿ ಬಂದರೆ ತನ್ನ ಜೋಡೆತ್ತನ್ನು ಯಾರಿಗೆ ತೋರಿಸುವುದು?

ನಮ್ಮ ಕಡೆ ನೆಂಟರು ಬಂದರೆ ಮೊದಲು ಅವರ ಎತ್ತಿಗೆ ಮೇವು, ಆಮೇಲೆ ಅವರ ಕಾಲಿಗೆ ನೀರು. ಕಲ್ಲಪ್ಪ ಎರಡನ್ನೂ ಮರೆತು ಅವರನ್ನು ನೇರ ಹುಲ್ಲಿನ ಮುಂದೆ ನಿಲ್ಲಿಸಿ ಶಾಸ್ತ್ರ ಹೇಳಿದ. ಅಂತೂ ಒಳಗೆ ಕೂತದ್ದಾಯಿತು. ಕೆಂಚಮ್ಮ ಹಾಲು ತಂದು ಕೊಟ್ಟಳು, ಗಂಡು ಬೀರಪ್ಪನನ್ನು ನೋಡಿದಳು, ಅವಳಿಗೆ ಹಿಡಿಸಿತು. ಅವನಿಗೂ ಹಿಡಿಸಿತೆಂದು ಕುರುಡನಿಗೂ ಕಾಣುತ್ತಿತ್ತು. ಎಲೆಅಡಿಕೆಯ ತಟ್ಟೆ ಕೈ ಬದಲಾಗುವುದೊಂದೇ ಬಾಕಿ.

ಆಗ ಹೊರಗೆ ಸರಸರ ಸದ್ದಾಯಿತು. ಹಸಿದ ಎತ್ತು ಹಗ್ಗ ಬಿಚ್ಚಿಕೊಂಡು ಚಾಮರಕ್ಕೆ ಬಾಯಿ ಹಾಕಿತ್ತು. ಕಲ್ಲಪ್ಪ ತಟ್ಟೆ ಬಿಟ್ಟು ಹಾರಿದ, ಬಾರುಕೋಲು ಎಳೆದುಕೊಂಡು ಎತ್ತಿನ ಮೂತಿಗೇ ಬಾರಿಸಿದ.

ತಿಮ್ಮರಾಯಪ್ಪ ಕೂಗಾಡಲಿಲ್ಲ. ಎತ್ತಿನ ಮೂತಿ ಸವರಿ ಗಾಡಿ ಹೂಡಿದ. "ಹಸ್ದಿರೋ ಎತ್ತಿನ ಬಾಯಿಗೆ ಹೊಡೆಯೋ ಮನೇಲಿ ಹೆಣ್ಣು ತರೋದ್ ಹೆಂಗೆ? ಆ ಹುಲ್ಲು ನನ್ ಎತ್ತಿನ ಮುಂದೆ ಬಿದ್ದ ದಿನ ಮಾತಾಡಾಣ," ಅಂದ.

ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯುಂಟು. ಇಲ್ಲಿ ಹುಚ್ಚು ಅಪ್ಪನದು, ಮದುವೆ ಮಗಳದು. ತೀರ್ಥಮ್ಮ ದಿನಾ ಬೈದಳು, ಕೆಂಚಮ್ಮ ತಲೆ ತಗ್ಗಿಸಿ ಅಂಗಳ ಗುಡಿಸಿದಳು. ಚಳಿ ಮುಗಿದು ಹುಲ್ಲು ಕೊಯ್ಯುವ ಕಾಲ ಬಂದದ್ದೇ ತಡ, ಕಲ್ಲಪ್ಪನಿಗೆ ಪಶ್ಚಾತ್ತಾಪವೂ ಬಂತು. ಕೈಗೆ ಬಟ್ಟೆ ಸುತ್ತಿ, ಗೇಣುದ್ದ ಉಳಿಸಿ ಕೊಯ್ದು, ಹೊರೆ ಕಟ್ಟಿ ರೈಲು ಹತ್ತಿದ.

ಬುಕ್ಕಾಂಬುಧಿಯಲ್ಲಿ ಹೊರೆಯನ್ನು ಎತ್ತಿನ ಮುಂದೆ ಇಳಿಸಿ, "ತಗಳಿ ಬೀಗ್ರೇ," ಅಂದ.

ತಿಮ್ಮರಾಯಪ್ಪ ಹೊರೆ ಬಿಚ್ಚಿ ತಿರುಗಿಸಿ ನೋಡಿದ. "ಬುಡ ಎಲ್ಲಿ?"

"ಹುಲ್ಲು ಅಂದ್ರಿ, ಹುಲ್ಲು ತಂದೀನಿ."

"ಆವತ್ತು ನಿಮ್ಮ ಅಂಗಳದಾಗೆ ನೀನೇ ಹೇಳಿದ್ದಲ್ಲಪ್ಪ, ಕೊಯ್ದಷ್ಟೂ ಚಿಗುರ್ತದೆ ಅಂತ. ನಾನೂ ಕೇಳಿಸ್ಕಂಡಿದ್ದೆ. ಇನ್ನೂ ಬೀಗ್ರಾಗಿಲ್ಲ, ಹೋಗ್ಬಾ."

ಮಾರನೆಯ ದಿನ ಕಲ್ಲಪ್ಪ ಮನೆಗೆ ಬಂದು ನಡೆದದ್ದನ್ನು ಹೇಳಿದ. ತಿಮ್ಮರಾಯಪ್ಪನ ಜಂಬದ ಮೇಲೆ ನಾಲ್ಕು ಮಾತು ಸೇರಿಸಿಯೇ ಹೇಳಿದ. ಕೇಳುತ್ತಿದ್ದ ಕೆಂಚಮ್ಮ ಗುದ್ದಲಿ ತೆಗೆದುಕೊಂಡು ಅಂಗಳಕ್ಕಿಳಿದಳು. ಮಳೆಯ ಹಂಗಿಲ್ಲದೆ ಬದುಕುವ ಹುಲ್ಲು, ಬೇರು ಪಾತಾಳಕ್ಕಿತ್ತು. ಅಗೆದಳು, ಕೈಯಲ್ಲಿ ಎಳೆದಳು, ಮತ್ತೆ ಅಗೆದಳು. ಅಂಗೈ ತುಂಬ ರಕ್ತ.

"ಕೈಗೆ ಬಟ್ಟೆ ಸುತ್ಕಳೇ," ಅಂದ ಕಲ್ಲಪ್ಪ. ಆಗಲೂ ಅವನ ಬಾಯಿಗೆ ಬಂದದ್ದು ಶಾಸ್ತ್ರವೇ.

ಕೆಂಚಮ್ಮ ಗುದ್ದಲಿ ನಿಲ್ಲಿಸಿದಳು. "ಅಪ್ಪಯ್ಯ, ನೀನ್ ಎದ್ ತಕ್ಷಣ ಇದ್ರ ಮುಖ ನೋಡ್ತಿದ್ದೆ. ನಾನ್ ಮೂರು ತಿಂಗ್ಳಿಂದ ಅಳ್ತಿದೀನಿ. ಒಂದ್ ದಿನಾನಾದ್ರೂ ನನ್ ಮುಖ ನೋಡಿದ್ಯಾ?"

ಕಲ್ಲಪ್ಪ ಅಂಗಳಕ್ಕಿಳಿದ. ಅವಳ ಕೈಯಿಂದ ಗುದ್ದಲಿ ಇಸಿದುಕೊಂಡು ತಾನೇ ಅಗೆದ. ಕೈಗೆ ಏನನ್ನೂ ಸುತ್ತಿಕೊಳ್ಳಲಿಲ್ಲ.

ಬುಡವನ್ನು ಬೇರುಸಮೇತ ಹೊತ್ತುಕೊಂಡು ಮತ್ತೆ ಬುಕ್ಕಾಂಬುಧಿಗೆ ಹೋದ. ತಿಮ್ಮರಾಯಪ್ಪ ಅದನ್ನು ಎತ್ತಿನ ಮುಂದಿಟ್ಟ. ಎತ್ತು ಮೂಸಿ ನೋಡಿ ಮುಖ ತಿರುಗಿಸಿತು. ಅಂತೂ ಎಲೆಅಡಿಕೆ ಕೈ ಬದಲಾಯಿತು, ಬೇಸಗೆಯಲ್ಲಿ ಮದುವೆಯೂ ಆಯಿತು.

ಹೆಣ್ಣನ್ನು ಕಳಿಸಿಕೊಡುವ ಹೊತ್ತಿನಲ್ಲಿ ಕಲ್ಲಪ್ಪ ಮಗಳ ಮುಖವನ್ನೇ ನೋಡುತ್ತ ನಿಂತಿದ್ದ. ಕೆಂಚಮ್ಮ ತಾಯಿಯನ್ನು ತಬ್ಬಿಕೊಂಡು ಅತ್ತಳು. ಅಪ್ಪನ ಕಾಲಿಗೂ ಬಿದ್ದಳು. ತಲೆ ಎತ್ತದೆ ಹಾಗೇ ಗಾಡಿ ಹತ್ತಿದಳು.