ನಾಲ್ಕನೇ ಜ್ವರ ಏಳುವ ತನಕ

ದೊಡ್ಡಮ್ಮನ ಕಾಲ್ಬೆರಳುಗಳ ಸಂದಿಯಲ್ಲಿ ಸದಾ ಸುಣ್ಣದ ಬಿಳುಪು ಇರುತ್ತಿತ್ತು. ಮದುವೆಮನೆಗೆ ಹೊರಟಾಗ ಕಲ್ಲಿನ ಮೇಲೆ ಕಾಲಿಟ್ಟು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬೈರಾಪಟ್ಟಣದಲ್ಲಿ ಅವರು ರೇಷ್ಮೆ ಹುಳ ಸಾಕುತ್ತಿದ್ದ ಮನೆಯ ಬಾಗಿಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ ಎರಚಿದ ಗೋಣಿಚೀಲವೊಂದು ಹಾಸಿರುತ್ತಿತ್ತು. ಒಳಗೆ ಹೋಗುವವರು ಯಾರೇ ಆಗಲಿ ಅದನ್ನು ತುಳಿದೇ ಹೋಗಬೇಕು, ಇಲ್ಲದಿದ್ದರೆ ಹೊರಗಿನ ರೋಗ ಹುಳಕ್ಕೆ ತಗಲುತ್ತದೆ. ದಿನಕ್ಕೆ ಹತ್ತು ಹದಿನೈದು ಸಲ ಅದರ ಮೇಲೆ ಓಡಾಡಿ ಆ ಬಿಳುಪು ಅವರ ಚರ್ಮಕ್ಕೇ ಇಳಿದುಬಿಟ್ಟಿತ್ತು.

ಅವರು ನಮ್ಮಮ್ಮನ ಅಕ್ಕ. ಮನೆಗೆ ಬಂದವರನ್ನು ಮಾತಾಡಿಸುವ ಮೊದಲು ಮೂಸಿ ನೋಡುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಹತ್ತಿರ ಬಂದು ಕುತ್ತಿಗೆಯ ಬಳಿ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದರು. ಸೆಂಟು, ಪೌಡರು, ಅಗರಬತ್ತಿ, ಸೊಳ್ಳೆಬತ್ತಿ ಯಾವುದರ ವಾಸನೆಯೂ ಹುಳಕ್ಕೆ ಆಗದು. ಒಮ್ಮೆ ಬೆಳೆ ನೋಡಲು ಬಂದ ಇಲಾಖೆಯ ಸಾಹೇಬರನ್ನೂ ಹಾಗೇ ಮೂಸಿ, "ಸ್ವಾಮಿ, ತಾವು ಒಸಿ ಜಗಲಿ ಮ್ಯಾಲೇ ಕುಂತ್ಕಳಿ, ಹುಳನೇ ಈಚೆ ತಂದು ತೋರುಸ್ತೀನಿ" ಅಂದಿದ್ದರಂತೆ. ಕಾಲವನ್ನು ಅವರು ಬೆಳೆಯಲ್ಲಿ ಎಣಿಸುತ್ತಿದ್ದರು. ನಾನು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, "ಹಳೇ ಮನೆ ಸೋರಿ ಅರ್ಧ ಬೆಳೆ ಹೋಯ್ತಲ್ಲ, ಅದರ ಮುಂದಿನ ಬೆಳೆ ಚಂದ್ರಿಕೆಗೆ ಬಿಟ್ಟಾಗ" ಎನ್ನುತ್ತಿದ್ದರು. ಚಂದ್ರಿಕೆ ಎಂದರೆ ಹಣ್ಣಾದ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ.

ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಅದರ ಜೊತೆಗೆ ಇನ್ನೊಂದು ಹುಚ್ಚು. ಮೂರು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಒಂದು ಮಾಯಾಲೋಕದ ಕಾದಂಬರಿ ಬರೆದಿದ್ದೆ. ಮೂರು ಚಂದ್ರರಿರುವ ದೇಶ, ಒಬ್ಬ ಗುರುವಿನ ಬಳಿ ಮಂತ್ರ ಕಲಿಯುವ ಹನ್ನೊಂದು ಜನ, ಅವರಲ್ಲಿ ಎಲ್ಲರನ್ನೂ ಮೀರಿಸಿದ ಒಬ್ಬ ಜಾಣ. ಸ್ಟಾಫ್ ರೂಮಿನಲ್ಲಿ ಇದು ಗೊತ್ತಾಗಿ, "ಏನ್ ಮೇಡಂ, ಇವತ್ತು ಯಾರನ್ನ ಕಪ್ಪೆ ಮಾಡಿದ್ರಿ?" ಎಂದು ದಿನಾ ಕೇಳುವವರಿದ್ದರು. ನಗುತ್ತಿದ್ದೆ, ಒಳಗೊಳಗೆ ಉರಿಯುತ್ತಿತ್ತು. ಆ ಪುಸ್ತಕ ಅಚ್ಚಾದರೆ ಸಾಕು, ಒಂದು ಪ್ರತಿಯನ್ನು ಆ ಮೇಜಿನ ಮೇಲೆ ಸದ್ದಾಗುವಂತೆ ಇಡಬೇಕು ಎನ್ನುವುದು ನನ್ನ ದೊಡ್ಡ ಆಸೆಯಾಗಿತ್ತು.

ಪ್ರಕಾಶಕರು ಹಸ್ತಪ್ರತಿ ಓದಿ ಫೋನ್ ಮಾಡಿದರು. "ಮೇಡಂ, ಭಾಷೆ ಚೆನ್ನಾಗಿದೆ. ಆದರೆ ನಿಮ್ಮ ಹೀರೋಗೆ ಎಲ್ಲ ಮಂತ್ರವೂ ಬರುತ್ತೆ, ಏನು ಬೇಕಾದರೂ ಮಾಡ್ತಾನೆ. ಅವನಿಗೆ ಏನಾಗುತ್ತೋ ಅಂತ ನನಗೆ ಒಂದು ಸಲವೂ ಭಯ ಆಗಲಿಲ್ಲ. ಮಂತ್ರಕ್ಕೊಂದು ಕಟ್ಟುಪಾಡು ಮಾಡಿ, ಯುಗಾದಿಯೊಳಗೆ ಕಳಿಸಿ. ಆಗಲೂ ಆಗದಿದ್ದರೆ ಬಿಟ್ಟುಬಿಡೋಣ." ನಾನು ಗಣಿತದವಳಲ್ಲವೇ, ಕೋಷ್ಟಕ ಹಾಕಿದೆ. ಯಾವ ಮಂತ್ರ ಯಾವ ಹೊತ್ತಿಗೆ, ಯಾವ ಲೋಹಕ್ಕೆ ಯಾವ ಮಂತ್ರ ಹತ್ತದು, ಎಷ್ಟು ಬಳಸಿದರೆ ಎಷ್ಟು ಸುಸ್ತು ಎಂದು ನಲವತ್ತೆರಡು ನಿಯಮ ಬರೆದೆ. ಓದಿದರೆ ರೈಲ್ವೆ ಟೈಂ ಟೇಬಲ್ಲಿನಂತಿತ್ತು. ದಸರಾ ರಜೆಗೆ ಆ ನೋಟ್‌ಬುಕ್ ಹಿಡಿದುಕೊಂಡು ಬೈರಾಪಟ್ಟಣದ ಬಸ್ಸು ಹತ್ತಿದೆ.

ದೊಡ್ಡಮ್ಮ ಓದಿದ್ದು ಮೂರನೇ ಕ್ಲಾಸು. ಆದರೆ ಕಥೆ ಕೇಳುವುದರಲ್ಲಿ ಅವರಷ್ಟು ಚುರುಕಿನವರನ್ನು ನಾನು ಕಂಡಿಲ್ಲ. ಪಾತ್ರಗಳನ್ನೆಲ್ಲ ಪಕ್ಕದ ಬೀದಿಯವರೆಂದೇ ತಿಳಿಯುತ್ತಿದ್ದರು. ನನ್ನ ನಾಯಕನಿಗೆ "ಮಂತ್ರದ ಹೈದ" ಎಂದು ಹೆಸರಿಟ್ಟರು. ಹುಳದ ಮೇವಿಗೆ ತಂದ ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ಜೋಡಿಸುತ್ತಾ ನನ್ನಿಂದ ಎರಡು ದಿನ ಕಥೆ ಹೇಳಿಸಿಕೊಂಡು, ಮೂರನೇ ದಿನ ತಲೆ ಎತ್ತಿದರು.

"ಅಲ್ಲ ಕಣಮ್ಮಿ, ಆ ಹೈದ ಮೊದ್ಲು ಗಾಳೀಲಿ ಹಾರ್ದ ಅಂದೆ."

"ಹೂಂ."

"ಆಮ್ಯಾಕೆ ಕಾಡೊಳಗೆ ಒಂಬತ್ತು ದಿನ ನಡ್ದು ಕಾಲೆಲ್ಲ ಬೊಬ್ಬೆ ಬಂತು ಅಂದೆ. ಯಾಕ್ ನಡ್ದ? ಹಾರಕ್ಕೇನ್ ಬಂದಿತ್ತು ರೋಗ?"

ಮೂರು ವರ್ಷ ಬರೆದ ನನಗೆ ಹೊಳೆಯದ್ದು ಅದು. ಸಿಟ್ಟು ಬಂತು. "ಅದಕ್ಕೇ ನಿಯಮ ಮಾಡ್ತಿದೀನಿ ದೊಡ್ಡಮ್ಮ" ಎಂದು ನಲವತ್ತೆರಡನ್ನೂ ಓದಿ ಹೇಳಿದೆ. ಅವರು ಹದಿನೈದನೆಯದಕ್ಕೆ ಆಕಳಿಸಿದರು. "ಇಷ್ಟೆಲ್ಲ ಯಾರ್ ಗ್ಯಾಪ್ಕ ಇಟ್ಕತಾರೆ? ಒಂದ್ ಮಾತು ಹೇಳು, ತಪ್ಪಿದ್ರೆ ಮನೆ ಹಾಳಾಗೋ ಅಂತದ್ದು" ಎಂದು ಸೆರಗು ಕೊಡವಿ ಎದ್ದು ಹೋದರು.

ಆ ಹೊತ್ತಿಗೆ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ನಿದ್ದೆಗೆ ಕೂರುತ್ತದೆ. ಎದ್ದಾಗ ಹಳೇ ಚರ್ಮ ಕಳಚಿರುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಮರುದಿನ ದೊಡ್ಡಆಲಹಳ್ಳಿಯಲ್ಲಿ ಬೀಗರ ಊಟವಿತ್ತು. ಮಗ ಸೊಸೆ, ಅಂದರೆ ನನ್ನ ಅಣ್ಣ ಅತ್ತಿಗೆಯರ ಜೊತೆ ದೊಡ್ಡಮ್ಮನೂ ಹೊರಟರು. ಕಾಲು ತಿಕ್ಕಿ ತೊಳೆದು, ಹಸಿರು ಸೀರೆ ಉಟ್ಟು, ಬಾಗಿಲಲ್ಲಿ ನಿಂತು ನನಗೆ ಒಂದೇ ಮಾತು ಹೇಳಿದರು. "ಕೆಲವು ಏಳ್ತವೆ, ಕೆಲವು ಏಳಲ್ಲ. ನಾನು ಬರಾಗಂಟ ಸೊಪ್ಪು ಮುಟ್ಬ್ಯಾಡ."

ಮಧ್ಯಾಹ್ನ ಹುಳದ ಮನೆಗೆ ಹೋಗಿ ನೋಡಿದೆ. ಅರ್ಧಕ್ಕರ್ಧ ಎದ್ದಿದ್ದವು. ಸಡಿಲ ಚರ್ಮ, ದೊಡ್ಡ ಬಿಳಿಚಿದ ತಲೆ, ಆ ತಲೆಯನ್ನು ಅತ್ತಿತ್ತ ಆಡಿಸುತ್ತಾ ಮೇವು ಹುಡುಕುತ್ತಿದ್ದವು. ಒಂದು ದಿನದಿಂದ ಉಪವಾಸ, ಪಾಪ. ಒಂದು ಗಂಟೆ ತಡೆದೆ. ಎರಡು ಗಂಟೆ ತಡೆದೆ. ಬೀಗರ ಊಟಕ್ಕೆ ಹೋದವರು ಯಾವಾಗ ಬರುತ್ತಾರೋ, ಇವು ಅಷ್ಟರಲ್ಲಿ ಸತ್ತೇ ಹೋದರೆ? ನಾನು ತಿಳಿದವಳು, ಕನಿಕರ ಇರುವವಳು ಎಂದುಕೊಂಡು ಸೊಪ್ಪಿನ ಕಡ್ಡಿಗಳನ್ನು ತಂದು ಹುಳದ ಸ್ಟ್ಯಾಂಡಿನ ಉದ್ದಕ್ಕೂ ಹಾಸಿಬಿಟ್ಟೆ. ಎದ್ದ ಹುಳಗಳೆಲ್ಲ ಹತ್ತಿ ಮೇಯತೊಡಗಿದವು. ನನಗೆ ಬಹಳ ತೃಪ್ತಿಯಾಯಿತು.

ಸಂಜೆ ದೊಡ್ಡಮ್ಮ ಬಂದು, ಗೋಣಿಚೀಲ ತುಳಿದು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು.

"ಯಾರ್ಗ್ ಕೊಟ್ಟೆ?"

"ಎದ್ದಿದ್ವಲ್ಲ ದೊಡ್ಡಮ್ಮ, ಅವಕ್ಕೆ."

"ಮಲಗಿರೋವು?"

ನಾನು ಅವುಗಳ ಯೋಚನೆಯನ್ನೇ ಮಾಡಿರಲಿಲ್ಲ. ದೊಡ್ಡಮ್ಮ ಕಡ್ಡಿಯೊಂದನ್ನು ಸರಿಸಿದರು. ಹಸಿ ಸೊಪ್ಪಿನ ಅಡಿಯ ತೇವದಲ್ಲಿ, ಇನ್ನೂ ತಲೆ ಎತ್ತಿಕೊಂಡೇ ಕೂತಿದ್ದ ಹುಳಗಳು. ಕೆಲವು ಚರ್ಮ ಬಿಡಲಾಗದೆ ಕಪ್ಪಾಗಿದ್ದವು. ಅವರು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಎದ್ದೋವು ಕಾಯ್ಬೇಕು ಕಣಮ್ಮಿ" ಎಂದರು. "ಒಂದೊತ್ತು ಕಾದ್ರೆ ಅವೇನು ಸಾಯಲ್ಲ. ಇವು ಏಳಾಕ್ ಮುಂಚೆ ಅವು ತಿಂದ್ರೆ, ಅಡೀಲಿರೋವು ಸಾಯ್ತವೆ. ಉಳಿದೋವು ಹಿಂದಕ್ ಬಿದ್ದು, ಅರ್ಧ ಹುಳ ಗೂಡು ಕಟ್ಟಾಕೆ ನಿಂತಾಗ ಇನ್ನರ್ಧ ಸೊಪ್ಪು ಸೊಪ್ಪು ಅಂತಾವೆ. ಒಂದ್ ಮನೇಲಿ ಎರಡು ವಯಸ್ಸು ಸಾಕಕ್ಕಾಯ್ತದಾ?"

ನಾನು ಅತ್ತೆ. ಅವರ ಕೈಯಲ್ಲಿ ಬೆಳೆ ಕೆಟ್ಟದ್ದು ಆ ಸೋರಿದ ಮನೆಯ ವರ್ಷ ಒಂದೇ ಸಲ ಎಂದು ಊರಿಗೇ ಗೊತ್ತು. ಎರಡನೆಯದು ನನ್ನ ಕನಿಕರದಿಂದ ಆಗುವುದರಲ್ಲಿತ್ತು.

"ಅಳೋಕೆ ಆಮ್ಯಾಕೆ ಟೈಮ್ ಐತೆ. ಸೀರೆ ಎತ್ತಿ ಕಟ್ಟು" ಎಂದರು ದೊಡ್ಡಮ್ಮ. ಹುಳ ಹತ್ತಿದ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಖಾಲಿ ಇದ್ದ ಇನ್ನೊಂದು ಸ್ಟ್ಯಾಂಡಿಗೆ ಸಾಗಿಸಿದೆವು. ಅಣ್ಣ, ಅತ್ತಿಗೆ ಬೀಗರ ಊಟದ ಬಟ್ಟೆಯಲ್ಲೇ ಕೈ ಹಾಕಿದರು. ಕೆಳಗೆ ಉಳಿದವಕ್ಕೆ ದೊಡ್ಡಮ್ಮ ಒಣ ಸುಣ್ಣದ ಪುಡಿ ತೆಳ್ಳಗೆ ಉದುರಿಸಿ, "ಇನ್ ಇವುನ್ನ ಯಾರೂ ಮಾತಾಡಿಸ್ಬ್ಯಾಡಿ" ಎಂದರು. ಅವು ಎದ್ದದ್ದು ಮರುದಿನ ಬೆಳಿಗ್ಗೆ. ಆಮೇಲೆ ಒಂದೇ ಮನೆಯಲ್ಲಿ ಎರಡು ಸಂಸಾರ. ಇವಕ್ಕೊಂದು ಹೊತ್ತು ಸೊಪ್ಪು, ಅವಕ್ಕೊಂದು ಹೊತ್ತು. ಕೆಲಸ ಇಮ್ಮಡಿಯಾಯಿತು. ರಜೆ ಮುಗಿಯುವ ತನಕ ಹಿಂದುಳಿದ ಹುಳಗಳನ್ನು ನಾನೇ ನೋಡಿಕೊಂಡೆ. ಅವು ಒಂದು ದಿನ ತಡವಾಗಿ ಹಣ್ಣಾದವು, ತಡವಾಗಿಯೇ ಗೂಡು ಕಟ್ಟಿದವು. ಗೂಡು ರಾಮನಗರದ ಮಾರುಕಟ್ಟೆಗೆ ಎರಡು ಸಲ ಹೋಯಿತು. ದೊಡ್ಡಮ್ಮ ತಡವಾದ ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, "ನೋಡು, ಗಟ್ಟಿ ಐತೆ" ಎಂದು ನನ್ನ ಅಂಗೈಗೆ ಹಾಕಿದರು. ನನ್ನ ಜೀವಮಾನದಲ್ಲಿ ಯಾವ ಮೆಚ್ಚುಗೆಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ನಲವತ್ತೆರಡು ನಿಯಮಗಳ ನೋಟ್‌ಬುಕ್ಕನ್ನು ಅತ್ತಿಗೆಯ ಒಲೆಗೆ ಹಾಕಿದೆ. ನನ್ನ ದೇಶದ ಮಂತ್ರಕ್ಕೆ ಈಗ ಒಂದೇ ಕಟ್ಟುಪಾಡು ಸಾಕಾಗಿತ್ತು. ಗುರುವಿನ ಬಳಿ ಒಟ್ಟಿಗೆ ಕಲಿತ ಹನ್ನೊಂದು ಜನ ಒಟ್ಟಿಗೆ ನಿದ್ದೆಗೆ ಕೂರುತ್ತಾರೆ. ಎದ್ದವರಿಗೆ ಹೊಸ ವಿದ್ಯೆ ಬಂದಿರುತ್ತದೆ. ಆದರೆ ಕೊನೆಯವರು ಏಳುವ ತನಕ ಯಾರೂ ಅದನ್ನು ಬಳಸಬಾರದು. ಬಳಸಿದರೆ ಮಲಗಿದ್ದವರು ಮತ್ತೆ ಏಳುವುದಿಲ್ಲ. ಜಾಣನಾದ ನನ್ನ ಹೈದ ಎಲ್ಲರಿಗಿಂತ ಮೊದಲು ಏಳುತ್ತಾನೆ. ಕೊನೆಗೆ ಏಳುವವಳು ಒಬ್ಬ ಮಂದಗತಿಯ ಹುಡುಗಿ. ಶತ್ರುಗಳು ಬಾಗಿಲಿಗೆ ಬಂದಿದ್ದಾರೆ, ವಿದ್ಯೆ ಕೈಯಲ್ಲಿದೆ, ಹುಡುಗಿ ಇನ್ನೂ ಕಣ್ಣು ಬಿಟ್ಟಿಲ್ಲ. ಅವನು ಕಾಡಿನಲ್ಲಿ ಯಾಕೆ ನಡೆದ ಎಂಬುದಕ್ಕೂ ಉತ್ತರ ಸಿಕ್ಕಿತು. ಬರೆಯುವಾಗ ನನಗೇ ಭಯವಾಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಹೋಗಿ ಕೊನೆಯ ಅಧ್ಯಾಯ ಓದಿ ಹೇಳಿದೆ. ಹೈದ ತಡೆಯಲಾರದೆ ವಿದ್ಯೆ ಬಳಸುತ್ತಾನೆ, ಊರು ಉಳಿಯುತ್ತದೆ, ಹುಡುಗಿ ಸಾಯುತ್ತಾಳೆ. ಬಹಳ ಘನವಾದ ಮುಕ್ತಾಯವೆಂದು ನನಗೆ ಹೆಮ್ಮೆಯಿತ್ತು. ದೊಡ್ಡಮ್ಮ ಕೈಯಲ್ಲಿದ್ದ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದರು. ಅವರಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಯಾಕ್ ಸಾಯಿಸ್ದೆ?"

"ನಿಯಮ ದೊಡ್ಡಮ್ಮ. ಅವನು ತಪ್ಪಿದ, ಅದಕ್ಕೆ."

"ನೀನೂ ತಪ್ಪಿದ್ದೆ. ನಿನ್ ಕೈಲಿ ಬ್ಯಾರೆ ಮಾಡ್ಸಿ ಸಾಕಿಸ್ಲಿಲ್ವಾ ನಾನು? ಅಷ್ಟ್ ಬೇಗ ಮರೆತ್ಬುಟ್ಟಾ? ಆ ಹೈದುಂಗೂ ಹೇಳು, ಎತ್ಕೊಂಡೋಗಿ ಬ್ಯಾರೆ ಕಡೆ ಇಟ್ಕೊಂಡು ಕಾಯಿ ಅಂತ. ಕಲ್ತಿರೋದ್ನೆಲ್ಲ ಅವಳ ಕಾವಲಿಗೆ ಹಾಕ್ಲಿ. ಆಗ ಗೊತ್ತಾಯ್ತದೆ ಅವ್ನಿಗೆ."

ಹೀಗೆ ನನ್ನ ಮಂತ್ರಕ್ಕೆ ಎರಡನೇ ಕಟ್ಟುಪಾಡು ದೊಡ್ಡಮ್ಮನ ಬಾಯಿಂದಲೇ ಬಂತು. ಆತುರಪಟ್ಟವನು, ಮಲಗಿದವರು ಏಳುವ ತನಕ ತನ್ನ ವಿದ್ಯೆಯನ್ನೆಲ್ಲ ಅವರ ಕಾವಲಿಗೆ ಸುರಿಯಬೇಕು, ತನಗಾಗಿ ಒಂದು ಹನಿಯೂ ಬಳಸಬಾರದು. ಯುಗಾದಿಗೆ ಎರಡು ದಿನ ಇರುವಾಗ ಹಸ್ತಪ್ರತಿ ಕಳಿಸಿದೆ. ಪ್ರಕಾಶಕರು ಒಂದೇ ವಾರದಲ್ಲಿ ಒಪ್ಪಿಕೊಂಡರು.

ಕರಡು ತಿದ್ದುವ ಹೊತ್ತಿಗೆ ದೊಡ್ಡಮ್ಮ ಹಾಸಿಗೆ ಹಿಡಿದಿದ್ದರು. ನಾನು ಹೋದಾಗ ಅತ್ತಿಗೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ದೊಡ್ಡಮ್ಮ ನಡುಮನೆಯಲ್ಲಿ ಮಲಗಿ ಆ ಸದ್ದನ್ನೇ ಕೇಳುತ್ತಿದ್ದರು. ಪಕ್ಕದಲ್ಲಿ ಕೂತೆ. ಅಭ್ಯಾಸಬಲದಿಂದ ನನ್ನ ಕುತ್ತಿಗೆಯ ಕಡೆ ಮೂಗು ತಿರುಗಿಸಿದರು. ಪುಸ್ತಕ ಅಚ್ಚಿಗೆ ಹೋಗುತ್ತಿದೆ ಎಂದೆ. ಪುಸ್ತಕದ ಬಗ್ಗೆ ಅವರು ಏನೂ ಕೇಳಲಿಲ್ಲ.

"ಆ ಹೆಣ್ಣು ಎದ್ಲಾ?" ಎಂದರು.

"ಎದ್ಲು ದೊಡ್ಡಮ್ಮ. ಹುಷಾರಾಗಿ ಎದ್ಲು."

"ಎದ್ದೇಟ್ಗೆ ಏನಾರ ಉಣ್ಣಾಕ್ ಕೊಟ್ರಾ?"

ನಾನು ಅದನ್ನು ಬರೆದಿರಲಿಲ್ಲ. ಅವಳು ಕಣ್ಣು ಬಿಡುವುದು, ಮೂರು ಚಂದ್ರರೂ ಒಟ್ಟಿಗೆ ಮೂಡುವುದು, ಅಲ್ಲಿಗೆ ಕಾದಂಬರಿ ಮುಗಿದಿತ್ತು. ಅಷ್ಟು ದಿನ ಉಪವಾಸವಿದ್ದವಳಿಗೆ ಹಸಿವಾಗಿರುತ್ತದೆ ಎಂದು ನನಗೆ ತೋಚಿರಲೇ ಇಲ್ಲ.

"ಕೊಟ್ರು" ಎಂದೆ.

"ಏನ್ ಕೊಟ್ರು?"

"ಮುದ್ದೆ, ಉಪ್ಸಾರು" ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದು.

"ಸರಿ" ಎಂದು ದೊಡ್ಡಮ್ಮ ಕಣ್ಣು ಮುಚ್ಚಿಕೊಂಡರು. ಅವರ ಮುಖದಲ್ಲಿ ನೆಮ್ಮದಿಯಿತ್ತು. ಅದಾಗಿ ಹನ್ನೆರಡು ದಿನಕ್ಕೆ ಅವರು ಹೋದರು.

ಅವರನ್ನು ಮಾತಾಡಿಸಿ ಬಂದ ದಿನವೇ ಪ್ರಕಾಶಕರಿಗೆ ಫೋನ್ ಮಾಡಿ, ಒಂದು ವಾರ ತಡೆಯಿರಿ ಎಂದಿದ್ದೆ. ಆ ದೇಶದಲ್ಲಿ ಜನ ಬೆಳ್ಳಿ ಬಣ್ಣದ ಹಣ್ಣುಗಳನ್ನೂ ಬೆಳದಿಂಗಳಲ್ಲಿ ಬೆಂದ ರೊಟ್ಟಿಯನ್ನೂ ತಿನ್ನುತ್ತಿದ್ದರು, ರಾಗಿಯ ಹೆಸರನ್ನೇ ಕೇಳಿರಲಿಲ್ಲ. ಮೂರನೇ ಅಧ್ಯಾಯಕ್ಕೆ ಹೋಗಿ ಗುರುವಿನ ಮನೆಯ ಹಿಂದೆ ಒಂದೆರಡು ಎಕರೆ ರಾಗಿ ಬಿತ್ತಿದೆ. ಏಳನೆಯದರಲ್ಲಿ ಕೊಯ್ಲು ಮಾಡಿಸಿದೆ. ಕೊನೆಯ ಪುಟದಲ್ಲಿ ಉಳಿದ ಹತ್ತೂ ಜನ ಹಸಿದುಕೊಂಡು ಸುತ್ತ ಕೂತಿರುವಾಗ, ಮಂತ್ರದ ಹೈದನ ಕೈಯಿಂದ ಆ ಹುಡುಗಿಗೆ ಮೊದಲು ಬಡಿಸಿದೆ. ಓದಿದವರಲ್ಲಿ ಕೆಲವರು, ಇಷ್ಟು ಚೆಂದದ ಮಾಯಾಲೋಕದಲ್ಲಿ ಮುದ್ದೆ, ಉಪ್ಸಾರು ಯಾಕೆ ಬಂತು, ಅದೊಂದು ತೆಗೆದುಹಾಕಿ ಎಂದು ಈಗಲೂ ಹೇಳುತ್ತಾರೆ. ತೆಗೆಯುವುದು ಹೇಗೆ? ಕೊಟ್ಟರು ಅಂತ ದೊಡ್ಡಮ್ಮನಿಗೆ ಹೇಳಿಬಿಟ್ಟಿದ್ದೇನೆ.